ಬನಕ್ಕ ಖಾಲಿ ಬಿಟ್ಟ ನಾಲ್ಕು ಮನೆ

ಇಳಕಲ್ಲಿನಲ್ಲಿ ನಾನು ಬಾಡಿಗೆಗೆ ಇದ್ದ ಓಣಿಯಲ್ಲಿ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಬಂತೆಂದರೆ ಮೊದಲು ಬನಕ್ಕನಿಗೆ ಹೇಳಿ ಕಳಿಸುತ್ತಿದ್ದರು. ಮಗ್ಗದ ಮೇಲಿನ ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯ ತುದಿಯನ್ನು ಹೊಸೆದು ಕೂಡಿಸಬೇಕು. ಅದಕ್ಕೆ ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಅಗಲದಲ್ಲಿ ಸಾವಿರಗಟ್ಟಲೆ ಎಳೆ. ಬನಕ್ಕ ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಮಗ್ಗದ ಹಿಂದೆ ಕುಳಿತಳೆಂದರೆ ಯಾರ ಜೊತೆಗೂ ಮಾತಿಲ್ಲ. ಬೆರಳುಗಳು ಮಾತ್ರ ನಡೆಯುತ್ತಿದ್ದವು.

ಅವಳ ಪೂರ್ತಿ ಹೆಸರು ಬನಶಂಕರಿ. ನಾನು ಕಂಡಾಗ ನಲವತ್ತರ ಹತ್ತಿರ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೇಳು ಬಂದಿತ್ತು. ಆ ಅಂಕಪಟ್ಟಿ ಇನ್ನೂ ಟ್ರಂಕಿನಲ್ಲಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಳು. ಮುಂದೆ ಕಲಿಸಲಿಲ್ಲ. ಹತ್ತೊಂಬತ್ತಕ್ಕೆ ಕಮತಗಿಗೆ ಮದುವೆ ಮಾಡಿ ಕೊಟ್ಟರು. ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಕಮತಗಿಯವರು ಒಂದು ದಿನ ತವರಿಗೆ ಕರೆತಂದು ಬಿಟ್ಟರು. ಮತ್ತೆ ಕರೆಯಲು ಬರಲಿಲ್ಲ. ಅಂದಿನಿಂದ ತಮ್ಮ ವಿಜಯಮಹಾಂತೇಶನ ಮನೆಯ ನಡುಮನೆಯಲ್ಲಿ ಅವಳ ಟ್ರಂಕು, ಅವಳ ಹಾಸಿಗೆ. ತಮ್ಮ ಕೆಟ್ಟವನಲ್ಲ. ಬೀಗರು ಬಂದಾಗ, "ಇಕಿ ನಮ್ಮಕ್ಕ. ಇಲ್ಲೇ ಇರ್ತಾಳ," ಎಂದು ಹೇಳುತ್ತಿದ್ದ. ಅಷ್ಟೇ ಹೇಳುತ್ತಿದ್ದ.

ನಾನು ಗುಡೂರಿನವಳು. ನಮ್ಮಪ್ಪ ಕುರಿ ಕಾಯುವವರು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಬಿ.ಎಸ್ಸಿ. ಆದಮೇಲೆ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತ, ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಬನಕ್ಕನ ಪಕ್ಕದ ಮನೆಯ ಒಂದು ಕೋಣೆಯಲ್ಲಿ ಇದ್ದೆ. ನಾಲ್ಕು ವರ್ಷ ಹಾಗೇ ಕಳೆದವು. ಪ್ರತಿ ಸಲವೂ ಒಂದೆರಡು ಅಂಕಕ್ಕೆ ಹೆಸರು ತಪ್ಪುತ್ತಿತ್ತು.

ಬನಕ್ಕನ ಚುಕ್ಕೆಗಳನ್ನು ಮೊದಲು ನೋಡಿದ್ದು ದಸ್ತಗೀರಬಿಯವರ ಕಿರಾಣಿ ಅಂಗಡಿಯಲ್ಲಿ. ಓಣಿಯ ಮೂಲೆಯ ಆ ಅಂಗಡಿಗೆ ಸಾಮಾನು ಕಟ್ಟಿಕೊಡಲು ರದ್ದಿ ಪೇಪರು ಬರುತ್ತಿತ್ತು. ಸುಡೊಕು ಅಚ್ಚಾದ ಹಾಳೆ ಕಂಡರೆ ದಸ್ತಗೀರಬಿ ಅದನ್ನು ಹರಿಯದೆ ಬೇರೆ ಇಡುತ್ತಿದ್ದರು. ಒಂಬತ್ತೊಂಬತ್ತು ಮನೆಗಳ ಚೌಕದಲ್ಲಿ ಅಡ್ಡ ಸಾಲು, ಕಂಬ ಸಾಲು, ಒಳಗಿನ ಸಣ್ಣ ಚೌಕ ಯಾವುದರಲ್ಲೂ ಒಂದೇ ಅಂಕಿ ಎರಡು ಸಲ ಬರದಂತೆ ಒಂದರಿಂದ ಒಂಬತ್ತು ತುಂಬುವ ಆಟ ಅದು. ಅಂದು ನಾನು ಅವಲಕ್ಕಿ ತರಲು ಹೋದಾಗ ಬನಕ್ಕ ಕಟ್ಟೆಯ ಮೇಲೆ ಕುಳಿತು ಅಂಥದೊಂದು ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದಳು. ಬಗ್ಗಿ ನೋಡಿದೆ. ಖಾಲಿ ಮನೆಗಳಲ್ಲಿ ಅವಳು ಅಂಕಿ ಬರೆದಿರಲಿಲ್ಲ, ಬರೀ ಚುಕ್ಕೆ ಇಟ್ಟಿದ್ದಳು.

"ಇದೇನ ಬನಕ್ಕಾ, ಇರುವಿ ಹರದಾಡಿದಂಗ ಆಗೇತಿ?"

"ಇರುವಿ ಅಲ್ಲ, ಅಂಕಿ. ಮನಿ ಎಷ್ಟ ಸಣ್ಣದೈತಿ ನೋಡು. ಇದರಾಗ ನಾಕೈದು ಅಂಕಿ ಬರಿಯಾಕ ಎಲ್ಲಿ ಜಾಗಾ?"

"ಆಕಿ ಅಕ್ಷರ ಮರತಾಳವಾ," ಎಂದು ದಸ್ತಗೀರಬಿ ಒಳಗಿನಿಂದ ಹೇಳಿದರು. "ಚುಕ್ಕಿ ಇಟ್ಟು ಸಂಸಾರ ನಡಸ್ತಾಳ."

"ನೀ ಬೆಲ್ಲ ತೂಗು, ಸುಮ್ಮನ," ಎಂದಳು ಬನಕ್ಕ.

ಅವಳ ಪದ್ಧತಿ ಹೀಗಿತ್ತು. ಒಂದು ಮನೆಯೊಳಗೆ ಮೂರು ಮೂರರಂತೆ ಒಂಬತ್ತು ಜಾಗ ಇವೆ ಎಂದುಕೊಳ್ಳಬೇಕು. ಮೇಲಿನ ಎಡಮೂಲೆ ಒಂದರ ಜಾಗ, ಅದರ ಪಕ್ಕ ಎರಡರದು, ನಟ್ಟನಡುವೆ ಐದು, ಕೆಳಗಿನ ಬಲಮೂಲೆ ಒಂಬತ್ತು. ಆ ಮನೆಗೆ ಯಾವ ಅಂಕಿ ಬರಬಹುದೋ ಅದರ ಜಾಗದಲ್ಲಿ ಒಂದು ಚುಕ್ಕೆ. ಬರಲಾರದೆಂದು ಗೊತ್ತಾದರೆ ಚುಕ್ಕೆಯ ಮೇಲೆ ಸಣ್ಣ ಗೀರು. ಅಳಿಸುವುದಿಲ್ಲ. ಯಾವುದನ್ನು ಯಾವಾಗ ತೆಗೆದೆ ಎಂಬುದು ಕಾಣುತ್ತಿರಬೇಕು ಎನ್ನುತ್ತಿದ್ದಳು. ಅಂಚಿನ ಹೂವಿನ ನಮೂನೆಯನ್ನು ಚೌಕದ ಹಾಳೆಯ ಮೇಲೆ ಚುಕ್ಕೆಯಿಟ್ಟು ಬರೆಯುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದಳಂತೆ. ಅದರಿಂದಲೇ ಇದು ಹೊಳೆದದ್ದು.

ನಾನು ಪದವೀಧರೆ ಎಂಬ ಧೈರ್ಯದಿಂದ, ನನಗೂ ಬರುತ್ತದೆ ಎಂದು ಅವಳ ಪಕ್ಕ ಕುಳಿತೆ. ಒಂದು ವಾರದಲ್ಲಿ ಗೊತ್ತಾಯಿತು, ನನಗೆ ಬರುತ್ತಿದ್ದುದು ಸುಲಭದವು ಮಾತ್ರ. ಕಠಿಣ ಎಂದು ಮೇಲೆ ಬರೆದದ್ದು ಬಂದರೆ ನಾನು ಊಹೆ ಮಾಡಿ ತುಂಬುತ್ತಿದ್ದೆ. ತಪ್ಪಾದರೆ ಅಳಿಸುತ್ತಿದ್ದೆ. ಬನಕ್ಕನಿಗೆ ಅದನ್ನು ಸಹಿಸಲು ಆಗುತ್ತಿರಲಿಲ್ಲ.

"ಹಾಕಿ ನೋಡೂದಲ್ಲ ಸುರೇಖಾ, ನೋಡಿ ಹಾಕೂದು. ಈ ಮೂರನೇ ಅಡ್ಡ ಸಾಲಿನ್ಯಾಗ ಏಳು ಎಲ್ಲೆಲ್ಲಿ ಕುಂಡ್ರತೈತಿ?"

"ಎರಡ ಮನಿ. ಎಡದಿಂದ ಎರಡನೇದು, ಎಂಟನೇದು."

"ಕೆಳಗ ಏಳನೇ ಸಾಲಿನ್ಯಾಗ?"

"ಅಲ್ಲೂ ಎರಡ. ಎರಡನೇದು, ಎಂಟನೇದು."

"ನಾಕ ಮೂಲಿ ಆದೂವು. ತೊಟ್ಟಿಲು ಆತು. ಮ್ಯಾಲಿಂದು ಎಡಕ್ಕಿದ್ರ ಕೆಳಗಿಂದು ಬಲಕ್ಕ ಇರಬೇಕು. ಮ್ಯಾಲಿಂದು ಬಲಕ್ಕಿದ್ರ ಕೆಳಗಿಂದು ಎಡಕ್ಕ. ಹೆಂಗಿದ್ರೂ ಆ ಎರಡು ಕಂಬ ಸಾಲಿಗೆ ಏಳು ಸಿಕ್ಕ ಹೋತು. ಹಂಗಾದ ಮ್ಯಾಲ ಆ ಕಂಬದಾಗ ಉಳಿದ ಮನಿಯಾಗಿನ ಏಳಕ್ಕೆಲ್ಲ ಗೀರು ಹಾಕು. ಒಂದು ಅಂಕಿನೂ ತುಂಬಲಿಲ್ಲ, ಆದ್ರೂ ಐದು ಮನಿ ಹಗರಾದೂವು ನೋಡು."

ಇನ್ನೊಂದಕ್ಕೆ ಕೆಂಪು, ಹಸಿರು ಪೆನ್ಸಿಲ್ ಬೇಕಿತ್ತು. ಒಂದು ಸಾಲಿನಲ್ಲಿ ಒಂದು ಅಂಕಿಗೆ ಎರಡೇ ಮನೆ ಉಳಿದಿದ್ದರೆ ಒಂದಕ್ಕೆ ಕೆಂಪು ಚುಕ್ಕೆ, ಇನ್ನೊಂದಕ್ಕೆ ಹಸಿರು. ಆ ಹಸಿರು ಮನೆಗೆ ಬೇರೆ ಸಾಲಿನಲ್ಲಿ ಅದೇ ಅಂಕಿಯ ಇನ್ನೊಂದೇ ಜೊತೆ ಇದ್ದರೆ ಅದಕ್ಕೆ ಕೆಂಪು. ಹೀಗೆ ಹಾಳೆಯ ತುಂಬ ಎರಡು ಬಣ್ಣದ ಎಳೆ ಓಡಾಡುತ್ತಿತ್ತು. ಎಲ್ಲಾದರೂ ಒಂದೇ ಸಾಲಿನಲ್ಲಿ ಎರಡು ಕೆಂಪು ಬಂದವೋ, ಕೆಂಪು ಅಷ್ಟೂ ಸುಳ್ಳು, ಹಸಿರು ಅಷ್ಟೂ ಖರೆ. ಬನಕ್ಕ ಇದನ್ನು ಹೇಳುವಾಗ ಅವಳ ಮುಖ ನೋಡಬೇಕು. ಎಂದೂ ಜೋರು ಮಾತಾಡದವಳು ಪೆನ್ಸಿಲಿನಿಂದ ಹಾಳೆಯನ್ನು ಕುಟ್ಟುತ್ತಿದ್ದಳು.

ಒಮ್ಮೆ ನಾನು ಮೊಬೈಲಿನಲ್ಲಿ ಹುಡುಕಿದೆ. ಅವಳ ತೊಟ್ಟಿಲಿಗೆ ಇಂಗ್ಲಿಷಿನಲ್ಲಿ ಹೆಸರಿತ್ತು. ಎರಡು ಬಣ್ಣದ ಪದ್ಧತಿಗೂ ಇತ್ತು. ಅವಳು ಖುಷಿಪಡುತ್ತಾಳೆಂದು ಓಡಿಹೋಗಿ ತೋರಿಸಿದೆ.

"ನಿನ್ನ ತೊಟ್ಟಿಲಿಗೆ ಎಕ್ಸ್‌ವಿಂಗ್ ಅಂತಾರಂತ ಬನಕ್ಕಾ. ಜಗತ್ತಿನ ತುಂಬ ಮಾಡ್ತಾರ."

ಅವಳು ಮೊಬೈಲನ್ನು ಬಹಳ ಹೊತ್ತು ನೋಡಿದಳು. "ಹಂಗಾದ್ರ ಮೊದಲ ಯಾರೋ ಕಂಡಾರ," ಎಂದಳು. ಆಮೇಲೆ, "ಆದ್ರ ನಾ ಅವರನ್ನ ನೋಡಿ ಮಾಡಿಲ್ಲವಾ," ಎಂದಳು. ಅದನ್ನು ಯಾರೋ ಕೇಳಿದ್ದರೆಂಬಂತೆ ಹೇಳಿದಳು.

ಅವಳ ಪದ್ಧತಿಗಳಲ್ಲಿ ಒಂದರ ಬಗ್ಗೆ ಮಾತ್ರ ನನಗೂ ಅವಳಿಗೂ ವಾದವಿತ್ತು. ಅದಕ್ಕೆ ಅವಳು ಜೋಕಾಲಿ ಎನ್ನುತ್ತಿದ್ದಳು. ಎರಡು ಅಡ್ಡ ಸಾಲು, ಎರಡು ಕಂಬ ಸಾಲು, ಎರಡೇ ಸಣ್ಣ ಚೌಕ ಸೇರುವ ನಾಲ್ಕು ಮೂಲೆ. ನಾಲ್ಕರಲ್ಲೂ ಮೂರು ಮತ್ತು ಎಂಟು, ಈ ಎರಡೇ ಚುಕ್ಕೆ ಉಳಿದವು ಎನ್ನೋಣ. ಆಗ ಮೂರು ಎಂಟನ್ನು ಹೀಗೂ ಇಡಬಹುದು, ಅದಲುಬದಲು ಮಾಡಿ ಹಾಗೂ ಇಡಬಹುದು. ಎರಡೂ ಸರಿ. ಅಂದರೆ ಆ ಸುಡೊಕುವಿಗೆ ಎರಡು ಉತ್ತರ. ಅಚ್ಚು ಹಾಕಿದವರು ಎರಡು ಉತ್ತರ ಬರುವಂತೆ ಹಾಕುವುದಿಲ್ಲ. ಆದ್ದರಿಂದ ಮೂರು ಮೂಲೆಯಲ್ಲಿ ಮೂರು ಎಂಟು ಮಾತ್ರ ಇದ್ದು ನಾಲ್ಕನೆಯದರಲ್ಲಿ ಇನ್ನೊಂದು ಚುಕ್ಕೆ ಇದ್ದರೆ, ಆ ಇನ್ನೊಂದೇ ಅಲ್ಲಿನ ಉತ್ತರ.

"ಇದು ತರ್ಕ ಅಲ್ಲ ಬನಕ್ಕಾ," ಎಂದೆ ನಾನು. "ಬರದಾಂವ ತಪ್ಪು ಮಾಡಿಲ್ಲಂತ ನಂಬೂದು."

"ಮತ್ತ? ನಂಬಲಾರದ ಹೆಂಗ? ಹಾಸು ಮಾಡಿದಾಂವ ಎಣಿಸೇ ಮಾಡಿರ್ತಾನಂತ ನಂಬೇ ನಾ ಕೆಚ್ಚಾಕ ಕುಂಡ್ರತೇನಿ."

"ಅಂವ ತಪ್ಪಿದ್ರ?"

"ತಪ್ಪಿದ್ರ ಬಿಡಬೇಕು."

ಬಿಡುವುದೆಂದರೇನೆಂದು ನಾನು ಕಣ್ಣಾರೆ ನೋಡಿದ್ದೆ. ಸಂಗಯ್ಯ ಎಂಬ ನೇಕಾರರ ಮಗ್ಗದಲ್ಲಿ ಅವಳು ಕೆಚ್ಚುತ್ತಿದ್ದಾಗ ಒಂದು ದಿನ ಅಂಚಿನ ಹತ್ತಿರ ಹಳೆಯ ಹಾಸಿನ ಒಂದು ಎಳೆಗೆ ಹೊಸ ಹಾಸಿನಲ್ಲಿ ಜೊತೆ ಇರಲಿಲ್ಲ. ಎಲ್ಲೋ ಹರಿದುಹೋಗಿತ್ತು. ಪಕ್ಕದ ಎಳೆಯನ್ನು ಎಳೆದು ಅದಕ್ಕೆ ಕೂಡಿಸಿದರೆ ಆ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ. ಆದರೆ ಅಲ್ಲಿಂದ ಮುಂದಿನ ಎಳೆಗಳೆಲ್ಲ ಒಂದೊಂದು ಮನೆ ಸರಿಯುತ್ತವೆ. ಅಂಚಿನ ಕೆಂಪು ಎಳೆ ಒಡಲಿನ ಕಪ್ಪಿಗೆ ಬಂದು ಸೀರೆಯುದ್ದಕ್ಕೂ ಗೆರೆಯಾಗಿ ನಿಲ್ಲುತ್ತದೆ. ಬನಕ್ಕ ಆ ಒಂಟಿ ಎಳೆಯನ್ನು ಹಾಗೇ ಬಿಟ್ಟು, ಅದರ ತುದಿಗೆ ಕೆಂಪು ದಾರದ ಸಣ್ಣ ಕುಣಿಕೆ ಕಟ್ಟಿ ಮುಂದೆ ಹೋದಳು. ಸಂಜೆ ಸಂಗಯ್ಯ ಬಂದು ಕುಣಿಕೆ ನೋಡಿದರು. ಏನು ಎತ್ತ ಎಂದು ಅವಳನ್ನು ಕೇಳಿ, ಎಳೆ ಹುಡುಕಿ ತೆಗೆದು ಸೇರಿಸಿದರು.

"ಬನವ್ವ ಬಿಟ್ಟಾಳಂದ್ರ ಅಲ್ಲಿ ಏನೋ ಐತಿ," ಎಂದು ನನ್ನ ಕಡೆ ತಿರುಗಿ ಹೇಳಿದರು. ಓಣಿಯ ನೇಕಾರರೆಲ್ಲರೂ ಹಾಗೇ ಬಂದು ಕೇಳುತ್ತಿದ್ದರು. ಬಿಟ್ಟಿದ್ದಕ್ಕೆ ಅವಳನ್ನು ಯಾರೂ ಬೈದದ್ದಿಲ್ಲ.

ಆದರೆ ಓಣಿಯ ಇಪ್ಪತ್ತು ಕೈಮಗ್ಗಗಳಲ್ಲಿ ಏಳು ಉಳಿದಿದ್ದವು. ತಿಂಗಳಿಗೆ ಎಂಟು ಹತ್ತು ಕಡೆ ಹೋಗುತ್ತಿದ್ದವಳಿಗೆ ಎರಡು ಕಡೆಯಿಂದ ಕರೆ ಬಂದರೆ ಹೆಚ್ಚು. ಉಳಿದ ದಿನ ತಮ್ಮನ ಮನೆಯ ಮುಸುರೆ, ಕಸ. ತಮ್ಮನ ಹೆಂಡತಿ ಅವಳ ಕೈಗೆ ಕೆಲಸ ಕೊಡುವಾಗ ಹೆಸರು ಹಿಡಿದು ಕರೆಯುವುದನ್ನೂ ಬಿಟ್ಟಿದ್ದಳು. "ಇದನ್ನಿಷ್ಟು," ಎಂದು ಪಾತ್ರೆ ಇಟ್ಟು ಹೋಗುತ್ತಿದ್ದಳು.

ಹೋದ ವರ್ಷ ಬೇಸಿಗೆಯಲ್ಲಿ ಬಾಗಲಕೋಟೆ ನವನಗರದ ಒಂದು ಕೋಚಿಂಗ್ ಕೇಂದ್ರದವರು ಇಳಕಲ್ಲಿನಲ್ಲಿ ಶಾಖೆ ತೆರೆಯುತ್ತೇವೆಂದು ಪ್ರಕಟಣೆ ಹಂಚಿದರು. ನವೋದಯ, ಮೊರಾರ್ಜಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳಿಗೆ ಬುದ್ಧಿಮತ್ತೆ ಕಲಿಸಲು ಒಬ್ಬ ಶಿಕ್ಷಕಿ ಬೇಕು. ಡಿಗ್ರಿ ಕಡ್ಡಾಯವಲ್ಲ. ಹುನಗುಂದದಲ್ಲಿ ಪರೀಕ್ಷೆ. ತೊಂಬತ್ತು ನಿಮಿಷ, ಆರು ಸುಡೊಕು, ಎಲ್ಲ ಕಠಿಣ. ಹೆಚ್ಚು ಬಿಡಿಸಿದವರಿಗೆ ಕೆಲಸ.

ನಾನು ಎರಡು ಅರ್ಜಿ ತಂದೆ. ಬನಕ್ಕ ಅರ್ಜಿಯನ್ನು ಮೊಣಕಾಲ ಮೇಲೆ ಹರವಿಕೊಂಡು ಎರಡು ಸಲ ಓದಿದಳು.

"ಡಿಗ್ರಿ ಬ್ಯಾಡಂತ ಖರೇನ ಬರದಾರಲ್ಲ?"

"ಬರದಾರ."

"ಖುರ್ಚಿ ಕೊಡ್ತಾರೇನು? ಕುಂತು ಹೇಳಾಕ?"

"ಖುರ್ಚಿ, ಟೇಬಲ್, ಬೋರ್ಡು, ಎಲ್ಲಾ ಇರತೈತಿ. ಮೇಡಂ ಅಂತಾರ ನಿನಗ."

ದಸ್ತಗೀರಬಿ ನಕ್ಕರು. "ಬನಾ ಮೇಡಂ. ನನ್ನ ಮೊಮ್ಮಗಳನ್ನ ಕಳಸ್ತೇನಿ, ಹೊಡೀಬ್ಯಾಡ ಮತ್ತ."

ಬನಕ್ಕ ನಗಲಿಲ್ಲ. ಅರ್ಜಿಯಲ್ಲಿ ವಿದ್ಯಾರ್ಹತೆಯ ಮುಂದೆ ಏನು ಬರೆಯಬೇಕೆಂದು ಕೇಳಿ, ಎಸ್ಸೆಸ್ಸೆಲ್ಸಿ ಎಂದು ಬರೆದು, ಪಕ್ಕದಲ್ಲಿ ಗಣಿತ 97 ಎಂದು ತಾನೇ ಸೇರಿಸಿದಳು. ಸಂಪರ್ಕಕ್ಕೆ ತಮ್ಮನ ಮೊಬೈಲ್ ನಂಬರು ಕೊಟ್ಟಳು. ವಿಜಯಮಹಾಂತೇಶ ಅದನ್ನು ಕೇಳಿ, "ಪೇಪರಿನ್ಯಾಗಿನ ಆಟ ಆಡಿದ್ರ ನೌಕರಿ ಕೊಡ್ತಾರೇನು? ಹೋಗಿ ಬಾ, ಹುನಗುಂದರ ನೋಡಿದಂಗ ಆಗತೈತಿ," ಎಂದ.

ಎರಡು ತಿಂಗಳು ಅವಳು ಅಭ್ಯಾಸ ಮಾಡಿದ ರೀತಿಯನ್ನು ನಾನು ಯಾವ ಪರೀಕ್ಷೆಗೂ ಮಾಡಿಲ್ಲ. ದಸ್ತಗೀರಬಿಯವರ ಅಂಗಡಿಯ ಗಡಿಯಾರ ನೋಡಿಕೊಂಡು ಒಂದಕ್ಕೆ ಹದಿನೈದು ನಿಮಿಷ. ಮುಗಿಯದಿದ್ದರೆ ಎಲ್ಲಿ ತಡವಾಯಿತೆಂದು ಗೀರುಗಳನ್ನು ಹಿಂದಿನಿಂದ ಓದಿ ಹೇಳುತ್ತಿದ್ದಳು. ತಾನು ಕಲಿತದ್ದನ್ನೆಲ್ಲ ನನಗೂ ಹೇಳಿದಳು, ಒಂದನ್ನೂ ಬಚ್ಚಿಡಲಿಲ್ಲ. ಇದ್ದದ್ದು ಒಂದೇ ಕೆಲಸ, ಅದಕ್ಕೆ ಹೋಗುವವರು ನಾವಿಬ್ಬರೂ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

"ನಿನಗ ಸಿಕ್ರೂ ಚಲೋನ," ಎಂದಳು ಒಮ್ಮೆ. "ಆದ್ರ ನನಗ ಸಿಗಲಿ ಅಂತ ಬನಶಂಕರಿಗೆ ಬೇಡಕೊಂಡೇನಿ. ಸುಳ್ಳ ಯಾಕ ಹೇಳಲಿ?"

ಪರೀಕ್ಷೆಯ ದಿನ ಟ್ರಂಕಿನಿಂದ ಒಂದು ಇಳಕಲ್ ಸೀರೆ ತೆಗೆದು ಉಟ್ಟಳು. ಅವಳೇ ಕೆಚ್ಚಿದ ಹಾಸಿನದು. ಹುನಗುಂದದ ಒಂದು ಶಾಲೆಯ ಹಾಲಿನಲ್ಲಿ ಮೂವತ್ತೆರಡು ಜನ ಇದ್ದೆವು. ಅವಳೇ ಎಲ್ಲರಿಗಿಂತ ಹಿರಿಯಳು. ಮೇಲ್ವಿಚಾರಕ ಅವಳನ್ನು ಯಾರದೋ ತಾಯಿ ಎಂದುಕೊಂಡು, "ಪಾಲಕರು ಹೊರಗ ಕುಂಡ್ರಿ," ಎಂದ. ಅವಳು ಪ್ರವೇಶಪತ್ರ ತೋರಿಸಿದಳು.

ಮೊದಲ ಐದು ಚೆನ್ನಾಗಿ ಹೋದವು. ಐದನೆಯದರಲ್ಲಿ ತೊಟ್ಟಿಲು ಸಿಕ್ಕಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಬನಕ್ಕನ ಬೆನ್ನು ಅಲುಗಾಡುತ್ತಿರಲಿಲ್ಲ. ಆರನೆಯದಕ್ಕೆ ಬಂದಾಗ ನನ್ನ ಹತ್ತಿರ ಇಪ್ಪತ್ತೆರಡು ನಿಮಿಷ ಇದ್ದವು. ಎಪ್ಪತ್ತೇಳು ಮನೆ ತುಂಬಿದವು. ಉಳಿದವು ನಾಲ್ಕು. ನಾಲ್ಕನೆಯ ಮತ್ತು ಆರನೆಯ ಅಡ್ಡ ಸಾಲು, ಎರಡನೆಯ ಮತ್ತು ಎಂಟನೆಯ ಕಂಬ ಸಾಲು. ನಾಲ್ಕರಲ್ಲೂ ಮೂರು ಅಥವಾ ಎಂಟು.

ನೋಡಿದ ಕೂಡಲೇ ಗೊತ್ತಾಯಿತು. ಜೋಕಾಲಿ. ಅಚ್ಚು ಹಾಕುವಾಗ ಆ ನಾಲ್ಕರಲ್ಲಿ ಒಂದು ಅಂಕಿ ಬಿಟ್ಟುಹೋಗಿದೆ. ಹಾಗಿಲ್ಲದೆ ಇದು ಬರುವುದಿಲ್ಲ. ಎರಡು ಸಲ ಪರೀಕ್ಷಿಸಿದೆ. ಆಮೇಲೆ ನಾನು ಹದಿನೈದು ವರ್ಷ ಶಾಲೆ ಕಾಲೇಜಿನಲ್ಲಿ ಕಲಿತದ್ದನ್ನು ಮಾಡಿದೆ. ಖಾಲಿ ಬಿಟ್ಟರೆ ಸೊನ್ನೆ, ತುಂಬಿದರೆ ಅರ್ಧ ಅವಕಾಶ. ಮೇಲಿನ ಎಡಕ್ಕೆ ಎಂಟು ಬರೆದು ಉಳಿದ ಮೂರನ್ನು ಅದಕ್ಕೆ ತಕ್ಕಂತೆ ತುಂಬಿ ಕೊಟ್ಟೆ.

ತಿರುಗಿ ಬರುವ ಬಸ್ಸಿನಲ್ಲಿ ಬನಕ್ಕ ಹಗುರಾಗಿದ್ದಳು. ಕಿಟಕಿಯ ಹತ್ತಿರ ಕುಳಿತು ಕಡಲೆ ತಿಂದಳು.

"ಆರನೇದ್ರಾಗ ಒಂದ ಅಂಕಿ ಬಿಟ್ಟಾರ, ನೋಡಿದೇನು?"

"ನೋಡಿದೆ."

"ನಾ ನಾಕೂ ಮನಿಯಾಗ ಸಣ್ಣ ಕುಣಿಕಿ ಬರದು, ಕೆಳಗ ಬರದಿಟ್ಟು ಬಂದೇನಿ. ಇವಕ್ಕ ಎರಡು ಉತ್ತರ ಬರತಾವು, ಬಿಟ್ಟ ಅಂಕಿ ಹೇಳಿದ್ರ ಪೂರ್ತಿ ಮಾಡತೇನಿ ಅಂತ. ಬಂದು ಕೇಳ್ತಾರ."

ನೀನೇನು ಮಾಡಿದೆ ಎಂದು ಅವಳು ಕೇಳಲಿಲ್ಲ. ನಾನೂ ಬಿಟ್ಟಿದ್ದೇನೆ ಎಂದೇ ಅವಳು ತಿಳಿದಿದ್ದಳು. ತಾನು ಕಲಿಸಿದವಳು ಬೇರೆ ಏನು ಮಾಡಲು ಸಾಧ್ಯ? ನಾನು ಅವಳ ಕೈಯಿಂದ ನಾಲ್ಕು ಕಡಲೆ ತೆಗೆದುಕೊಂಡೆ. ಬಾಯಿ ತೆರೆದದ್ದು ಅದಕ್ಕಷ್ಟೇ, ನಿಜ ಹೇಳುವುದಕ್ಕಲ್ಲ.

ಹನ್ನೊಂದು ದಿನ ಅವಳು ಕರೆಗಾಗಿ ಕಾದಳು. ತಮ್ಮ ಊಟಕ್ಕೆ ಬಂದಾಗಲೆಲ್ಲ, "ಫೋನ ಬಂದಿತ್ತೇನು?" ಎಂದು ಕೇಳುತ್ತಿದ್ದಳು. ಆರನೆಯ ದಿನ ಅವನು, "ದಿನಾ ಕೇಳಬ್ಯಾಡ, ಬಂದ್ರ ಹೇಳತೇನಿ," ಎಂದ. ಅಲ್ಲಿಂದ ಕೇಳುವುದನ್ನು ಬಿಟ್ಟು ಅವನ ಮುಖ ನೋಡತೊಡಗಿದಳು.

ಹನ್ನೊಂದನೆಯ ದಿನ ಫೋನು ಬಂದದ್ದು ನನಗೆ. ನಾನು ಆಯ್ಕೆಯಾಗಿದ್ದೆ. ಅಂದೇ ನಮ್ಮಪ್ಪನಿಗೆ ಹೇಳಿದೆ. ಅವರು ಬೀರಪ್ಪನ ಗುಡಿಯಲ್ಲಿ ಕಾಯಿ ಒಡೆಸಿ, ಗುಡೂರಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಬನಕ್ಕನಿಗೆ ನಾನು ಹೇಳಿದ್ದು ಮರುದಿನ.

ಅವಳು ನನ್ನ ಕೈ ಹಿಡಿದುಕೊಂಡು, "ಚಲೋ ಆತು," ಎಂದಳು. ಕೈ ಬಿಡದೆಯೇ, "ನಾ ಬರದದ್ದನ್ನ ಓದಿಲ್ಲ ಅವರು," ಎಂದಳು. "ನಾಕ ಮನಿ ನೀನೂ ಬಿಟ್ಟಿದ್ದಿ. ವ್ಯಾಳ್ಯಾ ನಿನಗ ಕಡಿಮಿ ಹಿಡದಿರಬೇಕು. ಅಲ್ಲೇನು? ಒಂದ ಸಲ ಹೋಗಿ ಕೇಳೂಣು ಸುರೇಖಾ. ನಿನ್ನ ಕೆಲಸಕ್ಕ ಏನೂ ಆಗೂದಿಲ್ಲ. ಬದಾಮಿಗೆ ಇನ್ನೊಂದು ಶಾಖೆ ಮಾಡತಾರಂತಲ್ಲ, ಅಲ್ಲರ ಹಾಕ್ಯಾರು."

ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಒಬ್ಬಳನ್ನೇ ಕಳಿಸಲೂ ಆಗಲಿಲ್ಲ.

ನವನಗರದಲ್ಲಿ ಕೇಂದ್ರದ ಮುಖ್ಯಸ್ಥ ರಾಜಕುಮಾರ ಸರ್ ನಮ್ಮನ್ನು ಕೂರಿಸಿ ಚಹಾ ತರಿಸಿದರು. ಒಳ್ಳೆಯ ಮಾತಿನ ಮನುಷ್ಯ. ಬನಕ್ಕನ ಉತ್ತರ ಪತ್ರಿಕೆ ಹುಡುಕಿಸಿ ತೆಗೆದರು. ಐದರ ಮೇಲೆ ಸರಿ ಗುರುತು. ಆರನೆಯದರ ಮೇಲೆ ಒಂದು ದೊಡ್ಡ ಸೊನ್ನೆ, ಪಕ್ಕದಲ್ಲಿ 'ಅಪೂರ್ಣ'. ಅವಳು ಕೆಳಗೆ ಬರೆದ ಎರಡು ಸಾಲಿನ ಮೇಲೆ ಆ ಸೊನ್ನೆಯ ಅಂಚು ಹಾದುಹೋಗಿತ್ತು.

"ಏನಿದು ಅಕ್ಕಾರ, ಕುಣಿಕಿ ಕುಣಿಕಿ ಬರದೀರಿ?"

"ಬಿಟ್ಟ ಎಳಿಗೆ ಹಂಗ ಕಟ್ಟತೇವ್ರಿ. ನೋಡಿದವರು ಬಂದು ಕೇಳ್ಲಿ ಅಂತ."

"ಪರೀಕ್ಷಾದಾಗ ಯಾರ ಬಂದು ಕೇಳ್ತಾರ್ರಿ?" ಎಂದು ಅವರು ನಕ್ಕರು. ಆದರೆ ಕುತೂಹಲದವರು. ಮೂಲ ಹಾಳೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ನಾಲ್ಕನೆಯ ಸಾಲಿನ ಎರಡನೆಯ ಮನೆಯಲ್ಲಿ ಎಂಟು ಇತ್ತು. ನಮ್ಮ ಹಾಳೆಯಲ್ಲಿ ಇರಲಿಲ್ಲ. "ಹೌದಲ್ರಿ. ಟೈಪ್ ಮಾಡಿದಾಂವ ಎಂಟು ಬಿಟ್ಟಾನ. ಭಾಳ ಹುಷಾರ ಅದೀರಿ ನೀವು."

ಬನಕ್ಕನ ಮುಖ ಅರಳಿತು. ಅವಳು ಕುರ್ಚಿಯ ತುದಿಗೆ ಸರಿದು ಕುಳಿತಳು.

"ಆದ್ರ ಈಕಿ ತುಂಬ್ಯಾಳಲ್ರಿ," ಎಂದರು ಅವರು ನನ್ನ ಕಡೆ ಕೈಮಾಡಿ. "ಸುರೇಖಾ ಆರೂ ಪೂರ್ತಿ ಮಾಡ್ಯಾಳ. ನಮ್ಮ ಉತ್ತರಕ್ಕ ಸರಿಯಾಗಿ ಕೂಡೇತಿ. ಅದಕ್ಕ ಈಕಿ ಮೊದಲ್ನೇದಾಕಿ."

ಬನಕ್ಕ ನನ್ನ ಕಡೆ ತಿರುಗಿದಳು.

"ನೀ ತುಂಬಿದೇನು?"

"ತುಂಬಿದೆ."

"ಹೆಂಗ ಗೊತ್ತಾತು?" ಅವಳು ಖರೆಯೇ ಕೇಳುತ್ತಿದ್ದಳು. ತನಗೆ ಕಾಣದ ಯಾವುದೋ ದಾರಿ ನನಗೆ ಕಂಡಿರಬೇಕು ಎಂದುಕೊಂಡಿದ್ದಳು.

"ಗೊತ್ತಾಗಲಿಲ್ಲ ಬನಕ್ಕಾ. ಹಾಕಿದೆ."

ಅವಳು ಮೇಜಿನ ಮೇಲಿನ ತನ್ನ ಹಾಳೆಯನ್ನು ನೋಡಿದಳು. ರಾಜಕುಮಾರ ಸರ್ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು.

"ನೋಡ್ರಿ ಅಕ್ಕಾರ, ಯಾದಿ ಹಚ್ಚಿ ಆಗೇತಿ. ಈಗ ನಾ ಏನೂ ಮಾಡಾಕ ಬರೂದಿಲ್ಲ. ಬದಾಮಿ ಶಾಖಾ ಮುಂದಿನ ವರ್ಷದ ಮಾತು, ಅದಕ್ಕ ಡಿಗ್ರಿ ಕೇಳಬೇಕಂತ ಮಾಡೇವಿ. ಈಗ ಈಕಿ ತಾನಾಗೇ ಬಿಡತೇನಿ ಅಂದ್ರ ನೋಡೂಣು."

ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಬಿಡುತ್ತೇನೆ ಎಂಬ ಒಂದು ಮಾತು ನನ್ನ ಬಾಯಲ್ಲಿ ಇತ್ತು. ಗುಡಿಯಿಂದ ಕಾಯಿಯ ಹೋಳು ಹಿಡಿದು ಬಂದ ಅಪ್ಪನೂ ಕಣ್ಣ ಮುಂದೆ ಇದ್ದರು. ಬನಕ್ಕ ನನಗಾಗಿ ಸ್ವಲ್ಪ ಹೊತ್ತು ಕಾದಳು. ಎಷ್ಟು ಹೊತ್ತೆಂದು ನನಗೆ ಗೊತ್ತಿದೆ. ಆಮೇಲೆ ಅವಳೇ ಎದ್ದಳು.

"ಬ್ಯಾಡ್ರಿ," ಎಂದಳು. "ಆಕಿ ಮನಿಯಾಗ ಎಲ್ಲಾರಿಗೂ ಹೇಳ್ಯಾರ."

ಬಸ್ಸಿನಲ್ಲಿ ಕಿಟಕಿಯ ಜಾಗವನ್ನು ನನಗೆ ಬಿಟ್ಟು ಅವಳು ಈಚೆ ಕುಳಿತಳು. ಇಳಕಲ್ಲಿನಲ್ಲಿ ಇಳಿದು ಓಣಿಗೆ ಬಂದೆವು. ದಸ್ತಗೀರಬಿ ಅಂಗಡಿಯಿಂದ, "ಏನಾತ ಬನಾ ಮೇಡಂ?" ಎಂದು ಕೂಗಿದರು. ಬನಕ್ಕ ನನ್ನ ಕಡೆ ತೋರಿಸಿ, "ಮೇಡಂ ಇಕಿ," ಎಂದು ಒಳಗೆ ಹೋದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಆಮೇಲೆ ದಸ್ತಗೀರಬಿ ಎಂದಿನಂತೆ ಸುಡೊಕು ಹಾಳೆಗಳನ್ನು ತೆಗೆದಿಟ್ಟರು. ಬನಕ್ಕ ಮುಟ್ಟಲಿಲ್ಲ. ಹಾಳೆಗಳು ಡಬ್ಬಿಯ ಮೇಲೆ ಒಂದು ಗೇಣು ಬೆಳೆದವು. ಒಂದು ದಿನ ಅವರು ಅದರಿಂದಲೇ ಒಂದನ್ನು ಎಳೆದು ನನಗೆ ಬೆಲ್ಲ ಕಟ್ಟಿಕೊಟ್ಟರು. "ಇನ್ನ ಇಟ್ಟು ಏನ ಮಾಡ್ಲಿ ಮೇಡಂ?" ಎಂದರು. ಅಂದಿನಿಂದ ಅವರೂ ನನ್ನನ್ನು ಸುರೇಖಾ ಎನ್ನಲಿಲ್ಲ.

ನಾನು ಭಾನುವಾರ ಭಾನುವಾರ ಪಾಠ ಹೇಳುತ್ತೇನೆ. ಮೂವತ್ತೈದು ಮಕ್ಕಳು. ಬೋರ್ಡಿನ ಮೇಲೆ ದೊಡ್ಡದೊಂದು ಮನೆ ಬರೆದು ಒಂಬತ್ತು ಚುಕ್ಕೆಗಳ ಜಾಗ ತೋರಿಸಿದಾಗ ಅವರು ಐದು ನಿಮಿಷದಲ್ಲಿ ಕಲಿತರು. ರಾಜಕುಮಾರ ಸರ್ ನೋಡಿ ಮೆಚ್ಚಿ, ಅದನ್ನು ಕೇಂದ್ರದ ಪುಸ್ತಿಕೆಯಲ್ಲಿ 'ನಮ್ಮ ಚುಕ್ಕೆ ಪದ್ಧತಿ' ಎಂದು ಅಚ್ಚು ಹಾಕಿಸಿದರು. ತೊಟ್ಟಿಲು ಬೇಡ, ಇಂಗ್ಲಿಷ್ ಹೆಸರೇ ಇರಲಿ, ಪಾಲಕರು ಕೇಳುತ್ತಾರೆ ಎಂದರು. ಇದನ್ನು ಕಂಡುಹಿಡಿದವರ ಹೆಸರು ಹಾಕೋಣ ಎಂದು ನಾನು ಒಮ್ಮೆ ಹೇಳಿದೆ. "ಹೆಸರು ಹಾಕಿದ್ರ ಅವರ್ಯಾಕ ಇಲ್ಲಿ ಇಲ್ಲ ಅಂತ ಕೇಳ್ತಾರವಾ," ಎಂದರು. ಎರಡನೆಯ ಸಲ ನಾನು ಹೇಳಲಿಲ್ಲ.

ಕಳೆದ ತಿಂಗಳು ಸಂಗಯ್ಯನವರ ಮಗ್ಗಕ್ಕೆ ಹೊಸ ಹಾಸು ಬಂತು. ಬನಕ್ಕ ಅಲ್ಲಿದ್ದಾಳೆಂದು ಕೇಳಿ ಪುಸ್ತಿಕೆಯ ಒಂದು ಪ್ರತಿ ಹಿಡಿದು ಹೋದೆ. ಅದನ್ನು ಅವಳಿಗೆ ಯಾಕೆ ತೋರಿಸಬೇಕೆಂದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಅವಳು ಮಗ್ಗದ ಹಿಂದೆ ಕುಳಿತಿದ್ದಳು. ಮೊಣಕಾಲಿನ ಹತ್ತಿರ ಬೂದಿಯ ಬಟ್ಟಲು, ಅದರ ಪಕ್ಕದ ಡಬ್ಬಿಯ ಮುಚ್ಚಳದಲ್ಲಿ ಕೆಂಪು ದಾರ.

"ಅಲ್ಲಿಡು," ಎಂದಳು, ನೋಡದೆ.

ಪುಸ್ತಿಕೆಯನ್ನು ಕಿಟಕಿಯಲ್ಲಿಟ್ಟು ಕುಳಿತೆ. ಅಂಚಿಗೆ ಇನ್ನೂ ನಾಲ್ಕು ಬೆರಳು ಉಳಿದಿತ್ತು. ಅವಳ ಬೆರಳುಗಳು ನಡೆಯುತ್ತಿದ್ದವು. ಒಂದು ಕಡೆ ನಿಂತವು. ಎಡಗೈಯಲ್ಲಿ ಹಳೆಯ ಹಾಸಿನ ಒಂದು ಎಳೆ ಇತ್ತು. ಬಲಗೈ ಹೊಸ ಹಾಸಿನಲ್ಲಿ ಅದರ ಜೊತೆಯನ್ನು ಹುಡುಕಿತು, ಮತ್ತೆ ಹುಡುಕಿತು. ಇರಲಿಲ್ಲ. ನನಗೂ ಕಾಣುತ್ತಿತ್ತು. ನೋಡಲು ಅವಳೇ ಕಲಿಸಿದ್ದಳು.

ಅವಳು ಕೆಂಪು ದಾರದ ಕಡೆ ಒಮ್ಮೆ ನೋಡಿದಳು. ಆಮೇಲೆ ಪಕ್ಕದ ಎಳೆಯನ್ನು ಎಳೆದು, ಬೂದಿ ಮುಟ್ಟಿಸಿ, ಈ ಒಂಟಿ ಎಳೆಗೆ ಹೊಸೆದಳು. ಅದರ ಮುಂದಿನದನ್ನು ಅದರ ಮುಂದಿನದಕ್ಕೆ. ಮೊದಲಿನಷ್ಟೇ ಬೇಗ ಅಂಚು ಮುಗಿಯುವವರೆಗೂ ಹೋದಳು. ಕೊನೆಗೆ ಹಳೆಯ ಹಾಸಿನ ಒಂದು ಎಳೆ ಹೆಚ್ಚಾಗಿ ಉಳಿಯಿತು. ಅದನ್ನು ಕತ್ತರಿಸಿ ಬೂದಿಯ ಬಟ್ಟಲಿಗೆ ಹಾಕಿದಳು.

ಸಂಗಯ್ಯ ಬಂದು ಬಾಗಿಲಲ್ಲೇ ನಿಂತು ಹಾಸಿನ ಮೇಲೆ ಕಣ್ಣಾಡಿಸಿದರು.

"ಎಲ್ಲೆರ ಬಿಟ್ಟಿಯೇನ ಬನವ್ವಾ? ಕೆಂಪು ಕಾಣವಲ್ದು."

ಬನಕ್ಕ ಬೂದಿಯ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನ್ನನ್ನು ನೋಡಿದಳು, ಆಮೇಲೆ ಅವರನ್ನು.

"ಇಲ್ರಿ," ಎಂದಳು. "ಈ ಸಲ ಒಂದೂ ಬಿಟ್ಟಿಲ್ಲ."